ನಂದೊಳ್ಳಿಯ ಎಡಸುತ್ತು

ಒಂದು ನಿಮಿಷ ನಿಲ್ಲಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗಿ. ಯಲ್ಲಾಪುರದ ಕಡೆಯವರು ಯಾರಾದರೂ ನಿಮಗೆ ಸಿಕ್ಕಿ, "ಸ್ಪೀಡ್‌ವೇ ಅಂದರೆ ಒಂದು ಕೆಟ್ಟ ಜ್ವರ, ನಂದೊಳ್ಳಿಯಲ್ಲಿ ಒಬ್ಬನನ್ನು ಕೊಂದಿದೆ" ಎಂದು ಹೇಳಿದ್ದರೆ, ನಂಬುವ ಮೊದಲು ಇದೊಂದನ್ನು ಕೇಳಿ. ಅರ್ಧಕ್ಕೆ ಎದ್ದು ಹೋಗಬೇಡಿ. ಅರ್ಧ ನೋಡಿ ಎದ್ದು ಹೋದವರಿಂದಲೇ ಇಷ್ಟೆಲ್ಲ ಆಗಿದ್ದು.

ಸ್ಪೀಡ್‌ವೇ ಜ್ವರವಲ್ಲ, ಮೋಟರ್ ಸೈಕಲ್ ಓಟ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ನಾಲ್ಕು ಜನ, ನಾಲ್ಕು ಸುತ್ತು. ಗಾಡಿಗೆ ಗೇರು ಒಂದೇ. ಬ್ರೇಕಂತೂ ಇಲ್ಲವೇ ಇಲ್ಲ. ತಿರುವು ಬಂದಾಗ ಹಿಂದಿನ ಚಕ್ರವನ್ನು ಜಾರಿಸಿ, ಎಡಗಾಲನ್ನು ಮುಂದೆ ಚಾಚಿ, ಧೂಳಿನ ಗೋಡೆ ಎಬ್ಬಿಸಿಕೊಂಡು ಹೋಗಬೇಕು. ತಿರುಗುವುದು ಯಾವಾಗಲೂ ಎಡಕ್ಕೇ. ಪೋಲೆಂಡ್ ಎಂಬ ದೇಶದಲ್ಲಿ ಇದನ್ನು ನೋಡಲು ಅಜ್ಜ, ಮಗ, ಮೊಮ್ಮಗಳು ಎಲ್ಲರೂ ತಮ್ಮೂರಿನ ಬಣ್ಣದ ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಅದರ ಹೆಸರು ಗೊತ್ತಿದ್ದವನು ಒಬ್ಬನೇ. ಅವನು ನಂದೊಳ್ಳಿಯ ರಾಘು.

ರಾಘು ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಬೈಕಿನ ಸೀಟ್ ಕವರ್ ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಫೋನಿನಲ್ಲಿ ಯಾವುದೋ ವೀಡಿಯೋ ಮುಗಿದು ಅದರ ಹಿಂದೆಯೇ ಇನ್ನೊಂದು ಶುರುವಾಯಿತು. ನಾಲ್ಕು ಗಾಡಿಗಳು ಎಡಕ್ಕೆ ವಾಲಿ ಮಣ್ಣು ಚೆಲ್ಲುತ್ತ ಬಂದವು. ಅಂದಿನಿಂದ ಆ ಅಂಗಡಿಗೆ ಬಂದ ಗಿರಾಕಿಗಳಿಗೆ ಸುಖವಿಲ್ಲ.

"ಮಾರಾಯ, ನಂಗೆ ಕರಿ ಬಣ್ಣದ್ದು ಒಂದು ಹಾಕ್ಕೊಡು ಸಾಕು" ಎಂದು ಗಿರಾಕಿ ಹೇಳಿದರೆ, "ಹಾಕ್ತೆ. ಆದ್ರೆ ಮೊದ್ಲು ಇದ್ರ ಕೊನೇ ಸುತ್ತು ನೋಡಿ" ಎಂದು ರಾಘು ಫೋನು ಚಾಚುತ್ತಿದ್ದ. ಊರಲ್ಲೇ ಒಂದು ಓಟ ನಡೆಸಲು ಅವನ ಲೆಕ್ಕದಲ್ಲಿ ಎಲ್ಲ ತಯಾರಾಗಿತ್ತು. ಶಿರಸಿಯದೊಂದು ತಂಡ, ಸಿದ್ದಾಪುರದ್ದೊಂದು, ಯಲ್ಲಾಪುರದ್ದೊಂದು. ನಾಲ್ಕನೆಯದು ಮುಂಡಗೋಡು, ಅವರಿನ್ನೂ ಒಪ್ಪಿಕೊಂಡಿರಲಿಲ್ಲ. ಯಾಕೆಂದರೆ ಅವರನ್ನು ಯಾರೂ ಕೇಳಿರಲಿಲ್ಲ. ಉಳಿದ ಮೂವರನ್ನೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಬಯಲು ಬೇಕಲ್ಲ, ಅದಕ್ಕೆ ರಾಘು ಪಂಚಾಯ್ತಿ ಮೆಂಬರ್ ಚನ್ನಯ್ಯನ ಹತ್ತಿರ ಹೋದ. ಚನ್ನಯ್ಯ ಕಬಡ್ಡಿ ಇರಲಿ ವಾಲಿಬಾಲ್ ಇರಲಿ, ಶಾಲು ಹೊದೆಸುವವರಿದ್ದರೆ ಯಾವ ಆಟಕ್ಕೂ ಇಲ್ಲವೆನ್ನದ ಮನುಷ್ಯ.

"ಬ್ರೇಕಿಲ್ಲ ಅಂದ್ರೆ ನಿಲ್ಸೂದು ಹೆಂಗಾ?" ಎಂದು ಚನ್ನಯ್ಯ ಕೇಳಿದ.

"ನಿಲ್ಸೂದೇ ಇಲ್ಲ ಚನ್ನಯ್ಯಣ್ಣ. ಅದೇ ಆಟ."

"ನಿಲ್ಸೂದೇ ಇಲ್ಲ ಅಂದ್ರೆ ಮುಖ್ಯ ಅತಿಥಿ ಕಪ್ಪು ಕೊಡೂದು ಯಾವಾಗ?"

"ನಾಲ್ಕು ಸುತ್ತಾದ್ಮೇಲೆ ಇಂಜಿನ್ ಬಂದ್ ಮಾಡ್ತಾರೆ. ತಾನೇ ನಿಲ್ತದೆ."

"ಅದು ಬಲಕ್ಕೆ ಯಾಕೆ ತಿರ್ಗೂದಿಲ್ಲ?"

"ಇಡೀ ಜಗತ್ತಲ್ಲಿ ಎಡಕ್ಕೇ. ನಿಯಮ."

ಚನ್ನಯ್ಯ ಬಾಯಲ್ಲಿದ್ದ ಎಲೆಯಡಿಕೆ ಕವಳವನ್ನು ಅಂಗಳದಾಚೆ ಉಗಿದು ಬಂದು ಕೂತ. "ತಮಾ, ದೇವಸ್ಥಾನದಲ್ಲಿ ಬಲಕ್ಕೆ ಸುತ್ತು ಬರ್ತಾರೆ. ಮದ್ವೆ ಮಂಟಪದಲ್ಲಿ ಬಲಕ್ಕೆ. ನಮ್ಮಲ್ಲಿ ಎಡಕ್ಕೆ ಸುತ್ತೂದು ಒಂದೇ ಕೆಲ್ಸಕ್ಕೆ. ಹೆಣಕ್ಕೆ. ಮಗ ತಲೆ ಬೋಳಿಸ್ಕಂಡು, ತೂತು ಮಡಕೆ ಹೆಗಲ ಮೇಲಿಟ್ಕಂಡು, ಚಿತೆಗೆ ಮೂರು ಎಡಸುತ್ತು ಬಂದು, ಮಡಕೆ ಹಿಂದಕ್ಕೆ ಹಾಕಿ ತಿರುಗಿ ನೋಡ್ದೆ ಹೋಗ್ತಾನೆ. ಅದಕ್ಕೆ ನಾನು ಶಾಲು ಹೊದ್ಕಂಡು ಕಪ್ಪು ಕೊಡ್ಲಾ?"

ರಾಘು ಇದನ್ನು ಕೇಳಿಸಿಕೊಂಡ. ಆದರೆ ಅವನ ಕಿವಿಗೂ ತಲೆಗೂ ನಡುವೆ ಒಂದು ದೊಡ್ಡ ಬಯಲಿತ್ತು. ಆ ಬಯಲಿನಲ್ಲಿ ಸದಾ ನಾಲ್ಕು ಬೈಕು ಓಡುತ್ತಿದ್ದವು.

"ಒಂದು ವೀಡಿಯೋ ಮಾಡಿ ತಂದು ತೋರ್ಸು, ಆಮೇಲೆ ನೋಡ್ವ" ಎಂದು ಚನ್ನಯ್ಯ ಸಾಗಹಾಕಿದ. ರಾಘು ಅದನ್ನು ಅನುಮತಿ ಎಂದು ತಿಳಿದು ಮನೆಗೆ ಬಂದ.

ಮನೆಯಲ್ಲಿದ್ದದ್ದು ಅಪ್ಪ ಹುಚ್ಚ ಒಬ್ಬನೇ. ಹುಚ್ಚ ಎನ್ನುವುದು ಹೆಸರು, ಗುಣವಲ್ಲ. ಅವನ ಅಣ್ಣ ಕೆರಿಯನ ನಂತರ ಹುಟ್ಟಿದ ಎರಡು ಕೂಸುಗಳು ಉಳಿಯದೆ ಹೋದಾಗ, ಮೂರನೆಯದರ ಮೇಲೆ ಯಮನ ಕಣ್ಣು ಬೀಳದಿರಲಿ ಎಂದು ಹಿರಿಯರು ಇಟ್ಟದ್ದು. ಯಮನಿಗೆ ಹಾಗೆ ಮೋಸ ಮಾಡಿ ಹುಚ್ಚ ಅರವತ್ತು ದಾಟಿದ್ದ. ಅಣ್ಣ ಕೆರಿಯ ಮದುವೆಯಾಗಿ ಕಿರವತ್ತಿಯಲ್ಲಿ ಮನೆಯಳಿಯನಾಗಿ ನಿಂತು, ಅಲ್ಲಿಯ ಮಾತನ್ನೇ ಆಡಲು ಕಲಿತಿದ್ದ. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಎಂಟು ವರ್ಷ. ಹುಚ್ಚನ ಹೆಂಡತಿ ಮಂಜಿ ತೀರಿಕೊಂಡ ದಿನ ಹೆದ್ದಾರಿಗೆ ಅಡ್ಡಲಾಗಿ ಮರದ ಲಾರಿ ಮಗುಚಿತ್ತು. ಕೆರಿಯ ಬಂದು ಮುಟ್ಟುವಷ್ಟರಲ್ಲಿ ಚಿತೆ ಅರ್ಧ ಉರಿದಿತ್ತು. "ನಂಗ ಮಾರಿ ತೋರಸದ ಬೆಂಕಿ ಕೊಟ್ಟೆಲ್ಲೋ" ಎಂದು ಕೆರಿಯ ಅಲ್ಲಿಂದಲೇ ತಿರುಗಿ ಹೋದ. "ಕತ್ತಲಾಗೂವರೆಗೂ ಕಾದೆ" ಎಂದು ಹುಚ್ಚ ಹೇಳಿದ್ದು ಅವನ ಬೆನ್ನಿಗೆ.

ಈಗ ಮೂರು ದಿನದಿಂದ ಹುಚ್ಚನಿಗೆ ಚಳಿಜ್ವರ. ಕಂಬಳಿಯೊಳಗಿಂದ ಒಮ್ಮೊಮ್ಮೆ ತಲೆ ಹೊರಗೆ ಹಾಕಿ, "ಕಿರವತ್ತಿಯಿಂದ ಯಾರಾದ್ರೂ ಬಂದಿದ್ರನಾ?" ಎಂದು ಕೇಳುತ್ತಿದ್ದ. "ಇಲ್ಲ ಅಪ್ಪ" ಎಂದರೆ, "ನಾನೇನು ಕೇಳಿಲ್ಲ ಬಿಡು" ಎಂದು ಮತ್ತೆ ಒಳಗೆ ಹೋಗುತ್ತಿದ್ದ.

ರಾಘುವಿನ ಗೆಳೆಯ ಸಂದೇಶ ಶಿರಸಿ ರಸ್ತೆಯ ತೋಟದವರ ಮನೆಯ ಹುಡುಗ. ಅವನ ಹತ್ತಿರ ಒಳ್ಳೆಯ ಕ್ಯಾಮೆರಾ ಇತ್ತು. ಭಾನುವಾರ ಬಂದು ವೀಡಿಯೋ ಮಾಡುತ್ತೇನೆ ಎಂದು ಹೇಳಿ, ಹಳೆಯದೊಂದು ಹೆಲ್ಮೆಟ್ಟನ್ನೂ ಕೊಟ್ಟ. ಹೆಲ್ಮೆಟ್ಟು ಬಿಗಿ. ಬಿಗಿಯಾದ ಹೆಲ್ಮೆಟ್ಟಿಗೆ ಜನ ಏನು ಮಾಡುತ್ತಾರೆ, ಬೇರೆ ತರುತ್ತಾರೆ. ರಾಘು ತಲೆ ಬೋಳಿಸಿಕೊಂಡ. ಕಣ್ಣಿನವರೆಗೂ ಟೋಪಿ ಎಳೆದುಕೊಂಡು ಮಲಗಿದ್ದ ಅಪ್ಪನಿಗೆ ಇದು ಕಾಣಲಿಲ್ಲ, ಕಂಡಿದ್ದರೆ ಅಲ್ಲಿಗೇ ಕತೆ ನಿಲ್ಲುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಮನೆಯಿಂದ ಸ್ವಲ್ಪ ದೂರದ ಒಣಗಿದ ಗದ್ದೆಗೆ ಇಳಿದ. ಬೈಕಿನ ಬ್ರೇಕು ಬಿಚ್ಚಿ ಅಂಗಳದಲ್ಲಿ ನಿಲ್ಲಿಸಿಯಾಗಿತ್ತು. ಗದ್ದೆಯ ನಡುವೆ ಮಳೆಗಾಲಕ್ಕೆಂದು ಒಟ್ಟಿದ ಕಟ್ಟಿಗೆ ರಾಶಿ. ಅದರ ಸುತ್ತ ಟ್ರ್ಯಾಕು. ಪೋಲೆಂಡಿನಲ್ಲಿ ಓಟದ ಮೊದಲು ಟ್ರ್ಯಾಕಿಗೆ ನೀರು ಹೊಡೆಯುತ್ತಾರೆ, ಇಲ್ಲದಿದ್ದರೆ ಧೂಳಿನಲ್ಲಿ ಗಾಡಿಯೇ ಕಾಣುವುದಿಲ್ಲ. ಅಲ್ಲಿ ಅದಕ್ಕೆ ಟ್ಯಾಂಕರ್ ಇದೆ. ಇಲ್ಲಿ ಪಂಪಿಗೆ ಕರೆಂಟ್ ಇರಲಿಲ್ಲ. ರಾಘು ಯೋಚನೆ ಮಾಡಿ, ಅವ್ವ ತುಳಸಿಗೆ ಹನಿ ನೀರು ಬೀಳಲೆಂದು ತೂತು ಮಾಡಿಟ್ಟಿದ್ದ ಮಣ್ಣಿನ ಕೊಡವನ್ನು ತುಂಬಿ ಹೆಗಲಿಗೇರಿಸಿದ. ಹೇಗೂ ಓಡುವುದು ಎಡಕ್ಕೆ, ಕಾಲಿಗೂ ಅಭ್ಯಾಸವಾಗಲಿ ಎಂದು ಎಡಕ್ಕೇ ನಡೆದ. ಬಿಸಿಲಿಗೆ ಅಂಗಿ ಬಿಚ್ಚಿದ್ದ. ಕೊಡ ಸೋರಿ ಪಂಚೆಯೆಲ್ಲ ಒದ್ದೆ.

ಈಗ ನೀವು ಗದ್ದೆಯ ಪಕ್ಕದ ರಸ್ತೆಯಲ್ಲಿ ನಿಂತುಕೊಳ್ಳಿ. ಯಾಕೆಂದರೆ ಸಿದ್ದವ್ವ ಅಲ್ಲೇ ನಿಂತಿದ್ದಳು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು. ಸಿದ್ದವ್ವ ಪಕ್ಕದ ಮನೆಯವಳು. ಹುಚ್ಚನ ಜ್ವರದ ಸುದ್ದಿ ಅವಳಿಗೆ ಗೊತ್ತು. ಅವಳಿಗೆ ಕಂಡದ್ದು ಇಷ್ಟು: ತಲೆ ಬೋಳಿಸಿಕೊಂಡ ಮಗ, ಬರಿಮೈ, ಒದ್ದೆ ಪಂಚೆ, ಹೆಗಲ ಮೇಲೆ ಸೋರುವ ಮಡಕೆ, ನಡುವೆ ಕಟ್ಟಿಗೆ ರಾಶಿ, ಅದಕ್ಕೆ ಎಡಸುತ್ತು. ಒಂದು. ಎರಡು. ಮೂರನೆಯದು ಮುಗಿಯುವ ಹೊತ್ತಿಗೆ ರಾಘುವಿನ ಟೊಂಕದಲ್ಲಿದ್ದ ಫೋನು ನಡುಗಿತು. ಬೆಚ್ಚಿಬಿದ್ದ ರಾಘುವಿನ ಹೆಗಲಿಂದ ಕೊಡ ಹಿಂದಕ್ಕೆ ಬಿದ್ದು ಚೂರಾಯಿತು. ಅವ್ವನ ಕೊಡ. ಅದನ್ನು ನೋಡಲು ಧೈರ್ಯವಾಗದೆ ಅವನು ಫೋನು ಹಿಡಿದುಕೊಂಡು, ತಿರುಗಿಯೂ ನೋಡದೆ ಮನೆ ಕಡೆ ನಡೆದ.

ಸಿದ್ದವ್ವ ಹೋಗಿ ಕೇಳಬಹುದಿತ್ತು. ಆದರೆ ಹೆಣ ಹೋದ ಮನೆಗೆ ತಲೆಹೊರೆಯಲ್ಲಿ ಹೋಗಬಾರದು. ಹೊರೆ ಇಳಿಸಿ ಬರೋಣವೆಂದು ಅವಳು ತನ್ನ ಮನೆಗೆ ತಿರುಗಿದಳು. ದಾರಿಯಲ್ಲಿ ಅಂಗಡಿ ಇತ್ತು. ಅಂಗಡಿಯಲ್ಲಿ ಐದಾರು ಜನರಿದ್ದರು. ಯಲ್ಲಾಪುರದ ಬಸ್ಸು ಆಗಷ್ಟೇ ಬಂದು ನಿಂತಿತ್ತು.

ಮುಕ್ಕಾಲು ಗಂಟೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹುಚ್ಚನ ಫೋಟೋ ಬಂತು. ಯಾವುದೋ ಮದುವೆಯ ಪಂಕ್ತಿಯಿಂದ ಕತ್ತರಿಸಿದ್ದು, ಕೈಯಲ್ಲಿ ಇನ್ನೂ ಜಿಲೇಬಿ ಇತ್ತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ರಾಘು ಎರಡು ವರ್ಷದಲ್ಲಿ ಅದೇ ಗುಂಪಿಗೆ ಕಳಿಸಿದ್ದ ಸ್ಪೀಡ್‌ವೇ ವೀಡಿಯೋಗಳಿಗೆ ಒಟ್ಟು ಬಂದ ಉತ್ತರ ಒಂದೇ. ಅದೂ "ಇಂಥದ್ದೆಲ್ಲ ಇಲ್ಲಿ ಹಾಕಬೇಡ" ಎಂದು.

ಮೊದಲು ಬಂದವನು ಚನ್ನಯ್ಯ. ಕೈಯಲ್ಲಿ ಗೊಂಡೆ ಹೂವಿನ ದೊಡ್ಡ ಹಾರ, ಜೇಬಿನಲ್ಲಿ ಮಾತಾಡಲು ಬರೆದುಕೊಂಡ ನಾಲ್ಕು ಸಾಲು. ಜಗುಲಿಯಲ್ಲಿ ಹುಚ್ಚ ಕಂಬಳಿ ಹೊದ್ದು ಗಂಜಿ ಕುಡಿಯುತ್ತಿದ್ದ.

"ಎಂತಾ ಚನ್ನಯ್ಯ, ಹಾರ? ಯಾರು ಹೋದ್ರು?"

"ನೀನೇ" ಎಂದ ಚನ್ನಯ್ಯ.

"ಯಾವಾಗ?"

"ಬೆಳಿಗ್ಗೆ."

"ಯಾರು ಹೇಳಿದ್ರು?"

"ಇಡೀ ಊರೇ ಹೇಳ್ತಾ ಅದೆ."

ಹುಚ್ಚ ಉಪ್ಪಿನಕಾಯಿಯ ಹೋಳನ್ನು ಚೀಪಿ ಬಟ್ಟಲ ಅಂಚಿಗಿಟ್ಟ. "ಹಂಗಾದ್ರೆ ಇರ್ಬೇಕು" ಎಂದ.

ಚನ್ನಯ್ಯನಿಗೆ ಸಿಟ್ಟು ಬಂತು. ತಂದ ಹಾರವನ್ನು ಹಿಂದಕ್ಕೆ ಒಯ್ಯುವುದು ಅಪಶಕುನ, ಬದುಕಿದವನಿಗೆ ಹಾಕುವುದು ಇನ್ನೂ ಅಪಶಕುನ. ಕೊನೆಗೆ ಅಂಗಳದಲ್ಲಿ ನಿಂತಿದ್ದ ಬ್ರೇಕಿಲ್ಲದ ಬೈಕಿನ ಹ್ಯಾಂಡಲಿಗೆ ಸುತ್ತಿ, "ಇದಕ್ಕಾದ್ರೂ ಇರ್ಲಿ" ಎಂದು ಹೋದ. ಆಮೇಲೆ ಬಂದವರೆಲ್ಲ ಅತ್ತುಕೊಂಡು ಬಂದು ಬೈದುಕೊಂಡು ಹೋದರು. ಸಿದ್ದವ್ವ ಮಾತ್ರ ಹೋಗಲಿಲ್ಲ. ಹುಚ್ಚ ಬದುಕಿದ್ದು ಅವಳಿಗೆ ಮುಖಭಂಗವಾಗಿತ್ತು. "ನಾ ಕಣ್ಣಾರೆ ಕಂಡೀನಿ" ಎಂದು ಜಗುಲಿಯ ಕಂಬಕ್ಕೆ ಒರಗಿ ಕೂತು, ಚಾ ಬರುವವರೆಗೂ ಹುಚ್ಚನನ್ನು ಅನುಮಾನದಿಂದ ನೋಡುತ್ತಿದ್ದಳು.

ತಪ್ಪು ತಿದ್ದುವ ಕೆಲಸವನ್ನು ಸಂದೇಶ ವಹಿಸಿಕೊಂಡ. ಗುಂಪಿಗೆ ಉದ್ದ ಮೆಸೇಜು ಹಾಕಿದ: ಸಿದ್ದವ್ವ ಕಂಡದ್ದು ಅಂತ್ಯಕ್ರಿಯೆಯಲ್ಲ, ಇದಕ್ಕೆಲ್ಲ ಕಾರಣ ಸ್ಪೀಡ್‌ವೇ, ಇತ್ಯಾದಿ. ಉದ್ದದ್ದನ್ನು ಯಾರು ಓದುತ್ತಾರೆ. ಎಲ್ಲರ ಕಣ್ಣಿಗೆ ಬಿದ್ದದ್ದು ಎರಡು ಪದ, ಕಾರಣ ಮತ್ತು ಸ್ಪೀಡ್‌ವೇ. ಮೂರು ದಿನದ ಜ್ವರ ಮೊದಲೇ ಗೊತ್ತಿತ್ತು. ಎರಡನ್ನೂ ಕೂಡಿಸಿ ಸ್ಪೀಡ್‌ವೇಯನ್ನು ಜ್ವರ ಮಾಡಿದರು. ಮಧ್ಯಾಹ್ನದ ಮೊದಲೇ ಆಶಾ ಕಾರ್ಯಕರ್ತೆ ಜ್ಯೋತಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಂಗಳದ ಹೊರಗೆ ಬಂದು ನಿಂತಳು. ಆಗ ಹುಚ್ಚ ಒಳಗೆ ಮಲಗಿದ್ದ.

"ರಾಘಣ್ಣ, ಸ್ಪೀಡ್‌ವೇ ನಿಮ್ಮನೇಲೇ ಶುರು ಆಗಿದ್ದಂತೆ, ಹೌದಾ?"

ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ತಾವಾಗಿ ಬಂದು ಕೇಳಿದ್ದರು. ರಾಘುವಿನ ಮುಖ ಅರಳಿತು. "ಹೌದು. ಈ ತಾಲೂಕಿಗೇ ನಾನು ಮೊದಲು."

"ಎಲ್ಲಿಂದ ಬಂತು?"

"ಪೋಲೆಂಡಿಂದ."

"ಎಷ್ಟು ದಿನ ಆತು?"

"ಎರಡು ವರ್ಷದಿಂದ ಅದೆ."

ಜ್ಯೋತಿ ಎರಡು ಹೆಜ್ಜೆ ಹಿಂದೆ ಸರಿದಳು. "ಮಂಗನ ಕಾಯಿಲೆ ಥರದ್ದನಾ? ಬೇರೆ ಯಾರಿಗಾದ್ರೂ ಹಿಡ್ದದ್ಯಾ?"

"ಸಂದೇಶಂಗೆ ನಾನೇ ಹಿಡಿಸ್ದೆ. ಶಿರಸಿ, ಸಿದ್ದಾಪುರಕ್ಕೂ ದಾಟಿಸ್ಬೇಕು ಅಂತ ಅದೆ."

"ಏನೇನಾಗ್ತದೆ?"

"ಎಂತ ಹೇಳೂದು. ನಿದ್ದೆ ಹತ್ತೂದಿಲ್ಲ. ಕೂತಲ್ಲೇ ಎಡಗಾಲು ತಾನಾಗಿ ಮುಂದೆ ಹೋಗ್ತದೆ. ಒಂದ್ಸಲ ಹಿಡೀತು ಅಂದ್ರೆ ಬಿಡೂದಿಲ್ಲ."

ಜ್ಯೋತಿ ಎಲ್ಲವನ್ನೂ ಬರೆದುಕೊಂಡು, ಮೇಲಿನವರು ಬರುವವರೆಗೆ ಯಾರನ್ನೂ ಒಳಗೆ ಬಿಡಬೇಡಿ, ಒಳಗಿದ್ದದ್ದನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಓಡುನಡಿಗೆಯಲ್ಲಿ ಹೋದಳು. ಆಟಕ್ಕೆ ಸರ್ಕಾರದಿಂದ ಇಷ್ಟು ಬೇಗ ಕಾಳಜಿ ಬಂದದ್ದಕ್ಕೆ ರಾಘು ಬೆರಗಾದ.

ಆಗಲೇ ಫೋನು ಬಂತು. ಕಿರವತ್ತಿಯ ದೊಡ್ಡಪ್ಪ ಎಂದು ಬರೆದಿಟ್ಟ ನಂಬರು. ಎಂಟು ವರ್ಷದಲ್ಲಿ ಅದರಿಂದ ಒಮ್ಮೆಯೂ ಕರೆ ಬಂದಿರಲಿಲ್ಲ.

"ಹುಡುಗಾ, ಬೆಂಕಿ ಕೊಡಬ್ಯಾಡ್ರಿ. ಲಾರಿ ಸಿಕ್ಕೈತಿ, ಹೊಂಟೀನಿ. ನಾ ಬರೂತನಕ ಬೆಂಕಿ ಕೊಡಬ್ಯಾಡ್ರಿ" ಎಂದು ಕೆರಿಯನ ದನಿ ಹೇಳಿತು, ಕಾಡಿನೊಳಗೆ ಹೊಕ್ಕು ಕಡಿದುಹೋಯಿತು. ರಾಘು ಆ ನಂಬರಿಗೆ ಮತ್ತೆ ಮತ್ತೆ ಮಾಡಿದ, ಹತ್ತಲಿಲ್ಲ.

"ಯಾರದು?" ಎಂದು ಹುಚ್ಚ ಒಳಗಿಂದ ಬಂದ.

"ದೊಡ್ಡಪ್ಪ. ಬರ್ತಾ ಇದಾರೆ."

ಹುಚ್ಚ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡ. "ಸತ್ತಾನೆ ಅಂತ ಬರ್ತಾ ಇದಾನೆ. ಬದುಕಿದಾನೆ ಅಂತಾದ್ರೆ ಬರ್ತಾನಾ?"

"ಬರೂದಿಲ್ಲ" ಎಂದು ಹುಚ್ಚನೇ ಉತ್ತರ ಕೊಟ್ಟುಕೊಂಡ. "ಚಾಪೆ ತಾ. ಜಗುಲಿ ನಡುವೆ ಹಾಕು. ಬಿಳಿ ಹೊದಿಕೆ ತಾ. ಅಂವ ಎಂತ ಹೇಳ್ತಾ ಅಂತ ಒಂದ್ಸಲ ಕೇಳ್ತೆ. ನೀನು ಬಾಯಿ ಮುಚ್ಕಂಡು ನಿಂತ್ಕ."

"ಅಪ್ಪ, ಇದು ಸರಿ ಅಲ್ಲ."

"ತೂತು ಕೊಡ ಹೊತ್ಕಂಡು ಕಟ್ಟಿಗೆ ಸುತ್ತಿದವ ನಂಗೆ ಹೇಳೂಕೆ ಬಂದ."

ಮನುಷ್ಯನಿಗೆ ಬದುಕಿನಲ್ಲಿ ಒಮ್ಮೆಯಾದರೂ ತಾನು ಸತ್ತ ಮೇಲೆ ಯಾರು ಎಷ್ಟು ಅಳುತ್ತಾರೆ ಎಂದು ನೋಡುವ ಆಸೆ ಇರುತ್ತದಂತೆ. ಹುಚ್ಚನಿಗೆ ಅಷ್ಟೂ ಜನರ ಮೇಲೆ ಆಸೆಯಿರಲಿಲ್ಲ, ಒಬ್ಬನ ಮೇಲಿತ್ತು.

ಕೆರಿಯ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಒಂದು ಕಣ್ಣಿಗೆ ಪೊರೆ ತೆಗೆಸಿ ಹಸಿರು ಪಟ್ಟಿ, ಇನ್ನೊಂದರಲ್ಲಿ ಪೊರೆ ಹಾಗೇ ಇತ್ತು. ಬಗಲಲ್ಲಿ ಹೊಸ ಬಿಳಿ ಪಂಚೆ. ಅಂಗಳಕ್ಕೆ ಕಾಲಿಡುತ್ತಲೇ, "ಇನ್ನೂ ಇಟ್ಟೀರಿಲ್ಲೋ?" ಎಂದು ಕೇಳಿದ. ಜಗುಲಿಯ ಮೇಲೆ ಬಿಳಿಯದು ಕಂಡಿತು. "ಇಟ್ಟೀರಿ" ಎಂದು ಮೆಟ್ಟಿಲ ಮೇಲೆ ಕುಸಿದು, ಕೈ ಚಾಚಿ ತಮ್ಮನ ಪಾದ ಹಿಡಿದ. ಚಳಿಜ್ವರದ ಪಾದ, ಬಾವಿ ಕಲ್ಲಿನ ಹಾಗೆ ತಣ್ಣಗಿತ್ತು.

"ಈ ಸಲ ಬಂದೀನಿ ತಮ್ಮಾ" ಎಂದ. "ವ್ಯಾಳ್ಯಾಕ್ಕ ಸರಿಯಾಗಿ ಬಂದೀನಿ. ಎಂಟು ವರ್ಸದಾಗ ಒಂದ್ ರಾತ್ರಿನೂ ಫೋನು ದೂರ ಇಟ್ಟು ಮಲಗಿಲ್ಲೋ. ಮಂಜಿದಾದ್ಹಂಗ ನಿಂದೂ ತಡಾ ಆದೀತು ಅಂತ. ನಿದ್ದಿ ಅನ್ನೂದ ಮರತೀನಿ."

ಹೊದಿಕೆ ಅಲುಗಲಿಲ್ಲ. ಸಿದ್ದವ್ವ ಸೆರಗು ಬಾಯಿ ಮೇಲೆ ಇಟ್ಟುಕೊಂಡು ಬಿಕ್ಕಿದಳು. ಹುಚ್ಚ ಬದುಕಿದ್ದಾನೆ ಎನ್ನುವುದು ಅವಳಿಗೆ ಮತ್ತೆ ಮರೆತಿತ್ತು, ಈ ಸಲ ಪೂರ್ತಿ.

"ಜೀವ ಇದ್ದಾಗ ಬರಾಕ ಆಗಲಿಲ್ಲ ನೋಡು" ಎಂದು ಕೆರಿಯ ಪಾದ ಒತ್ತುತ್ತಲೇ ಹೇಳಿದ. "ಬಸ್ ಸ್ಟ್ಯಾಂಡಿಗೆ ಬರ್ತಿದ್ದೆ, ಹತ್ತತಿರಲಿಲ್ಲ. ಯಾವ ಮಾರಿ ಹೊತಗೊಂಡು ಬರ್ಲಿ? 'ಯಾಕ ಬಂದಿ' ಅಂತ ನೀ ಒಂದ ಮಾತು ಅಂದಿದ್ರ ಹೊಸ್ತಿಲದಾಗ ಸಾಯ್ತಿದ್ದೆ. ಈಗ ನೀ ಏನೂ ಅನ್ನೂದಿಲ್ಲ. ಅದಕ್ಕ ಬಂದೆ."

ರಾಘು ಬಾಯಿ ತೆರೆದು, ಮುಚ್ಚಿದ. ಎರಡು ವರ್ಷ ಬಾಯಿ ಮುಚ್ಚದ ಹುಡುಗ. ಆ ಮಾತು ಕೇಳಿದ ಮೇಲೆ "ದೊಡ್ಡಪ್ಪ, ಇದು ನಾಟಕ" ಎಂದು ಯಾವ ನಾಲಿಗೆಯಲ್ಲಿ ಹೇಳುವುದು?

ಕೆರಿಯ ಕಣ್ಣೊರೆಸಿಕೊಂಡು ಎದ್ದ. "ಮಂಜಿಗೆ ಸುತ್ತು ಬರಾಕ ಸಿಗಲಿಲ್ಲ. ಇವಂಗಾರ ಬರ್ತೀನಿ" ಎಂದು ಚಾಪೆಯ ಕಡೆ ಹೆಜ್ಜೆ ಇಟ್ಟ, ಎಡಕ್ಕೆ.

ಆಗ ರಾಘುವಿನ ಕಿವಿಗೂ ತಲೆಗೂ ನಡುವಿನ ಬಯಲನ್ನು ಚನ್ನಯ್ಯನ ಮಾತು ದಾಟಿ ಬಂತು. ಎಡಸುತ್ತು. ಜೀವ ಇರುವವನಿಗೆ. ಅಣ್ಣನ ಕಾಲಿಂದ. ಅವನು ಅಡ್ಡ ನಿಂತ.

"ದೊಡ್ಡಪ್ಪ, ಬೇಡ. ಹತ್ರ ಸುಳೀಬಾರ್ದು. ಇದು ಮಾಮೂಲಿ ಅಲ್ಲ. ಇದು... ಸ್ಪೀಡ್‌ವೇ."

"ಏನದು?"

"ಜ್ವರ" ಎಂದ ರಾಘು. ಪೋಲೆಂಡಿನ ಅಜ್ಜ, ಮಗ, ಮೊಮ್ಮಗಳು ಎಲ್ಲ ಕೊರಳ ಪಟ್ಟಿ ಬಿಚ್ಚಿ ಎದ್ದುಹೋದ ಹಾಗಾಯಿತು ಅವನಿಗೆ. "ಕೆಟ್ಟ ಜ್ವರ. ದವಾಖಾನೆಯವರೇ ಬಂದು ತಗಂಡು ಹೋಗ್ತಾರೆ. ಮನೆಯವರು ಮುಟ್ಟೂಹಂಗಿಲ್ಲ, ಬೆಂಕಿನೂ ಕೊಡೂಹಂಗಿಲ್ಲ. ಕೊರೋನಾದಲ್ಲಿ ಮಾಡಿದ್ರಲ್ಲ, ಹಂಗೆ."

ಕೊರೋನಾ ಕಂಡಿದ್ದ ಕೆರಿಯ ಅದನ್ನು ನಂಬಿದ. ತಲೆಯಾಡಿಸಿದ. "ಹಂಗಾರ ದೂರಿಂದ ಬರ್ತೀನಿ ಬಿಡು" ಎಂದು ಅಂಗಳಕ್ಕೆ ಇಳಿದ. ಇಳಿದವನು ಇಡೀ ಮನೆಯನ್ನೇ ಎಡಕ್ಕೆ ಸುತ್ತಲು ಹೊರಟ.

ಸಿದ್ದವ್ವನಿಗೆ ತಾನೂ ಸುತ್ತಿನೊಳಗೆ ಇದ್ದೇನೆ ಎಂದು ಹೊಳೆದದ್ದೇ ತಡ, ಅಳುವನ್ನು ಅರ್ಧಕ್ಕೆ ಬಿಟ್ಟು, ಚಾದ ಲೋಟದ ಸಮೇತ ರಸ್ತೆಗೆ ಓಡಿದಳು. ಕೆರಿಯ ಕೊಟ್ಟಿಗೆಯ ತಿರುವಿನಲ್ಲಿ ಮರೆಯಾಗಿ, ಬಚ್ಚಲ ಕಡೆಯಿಂದ ಹೊರಬಂದ. ಒಂದು. ಮತ್ತೆ ಮರೆಯಾದ, ಮತ್ತೆ ಬಂದ. ಎರಡು. ಮೂರನೆಯದಕ್ಕೆ ಕೊಟ್ಟಿಗೆಯ ಹಿಂದೆ ಹೋದಾಗ ಹೊದಿಕೆಯ ತುದಿ ಎದ್ದಿತು.

"ಎಷ್ಟಾತು?" ಎಂದು ಹುಚ್ಚ ಪಿಸುಗುಟ್ಟಿದ. ಅವನ ಕೆನ್ನೆ ಒದ್ದೆಯಾಗಿತ್ತು.

"ಎರಡು ಮುಗೀತು."

"ನಿಲ್ಸಾ ಅವನ್ನ."

"ಹೆಂಗೆ ನಿಲ್ಸೂದು? ನೀವೇ ಎದ್ದು ಕೂತ್ಕಳಿ."

ಹುಚ್ಚ ಮೊಣಕೈ ಊರಿದ. ಅರ್ಧ ಎದ್ದ. ಬಚ್ಚಲ ಹಿಂದಿನಿಂದ ಕೆರಿಯನ ಚಪ್ಪಲಿಯ ಸಪ್ಪಳ ಹತ್ತಿರವಾಗುತ್ತಿತ್ತು, ಅದರ ಜೊತೆ ಅವನು ತನ್ನಷ್ಟಕ್ಕೆ "ಬಂದೀನಿ, ಬಂದೀನಿ" ಎನ್ನುತ್ತಿದ್ದದ್ದೂ. ಹುಚ್ಚ ಅದನ್ನು ಕೇಳಿದ. ಮತ್ತೆ ಮಲಗಿ ಹೊದಿಕೆ ಎಳೆದುಕೊಂಡ.

ಮೂರು.

ಕೆರಿಯ ಹೊಸ ಪಂಚೆಯನ್ನು ಮೆಟ್ಟಿಲ ಮೇಲಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಾರ ಹಾಕಿದ ಬೈಕಿನ ಪಕ್ಕದಿಂದ ಹಾದು, ತಿರುಗಿ ನೋಡದೆ ಹೋದ. ತಿರುಗಿ ನೋಡಬಾರದಲ್ಲ.

ಆಮೇಲಿನದು ನಿಮಗೆ ಗೊತ್ತಿರಬೇಕು. ಕೆರಿಯ ಬಸ್ಸಿನಲ್ಲಿ ಕೂತು ಕಿರವತ್ತಿಯವರೆಗೂ ತಮ್ಮನನ್ನು ತಿಂದ ಜ್ವರದ ಹೆಸರು ಹೇಳುತ್ತ ಹೋದ. ಕಿರವತ್ತಿಯ ಢಾಬಾಗಳಲ್ಲಿ ಯಲ್ಲಾಪುರದ ಕಡೆಯ ಲಾರಿಯವರಿಗೆ ಕೈ ತೊಳೆದು ಬನ್ರಿ ಎಂದರು. ಶಿರಸಿಯ ಔಷಧಿ ಅಂಗಡಿಯಲ್ಲಿ ಒಬ್ಬರು ಸ್ಪೀಡ್‌ವೇಗೆ ಗುಳಿಗೆ ಕೇಳಿದರಂತೆ. ಸಿದ್ದಾಪುರದಲ್ಲಿ ಒಬ್ಬರಿಗೆ ಅದು ಬಂದೂ ಹೋಗಿತ್ತು, ಅಮೃತಬಳ್ಳಿ ಕಷಾಯದಲ್ಲಿ ವಾಸಿಯಾಯಿತಂತೆ. ಹುಚ್ಚ ಬದುಕಿದ್ದಾನೆ ಎಂಬ ಸುದ್ದಿ ನಂದೊಳ್ಳಿ ದಾಟಲಿಲ್ಲ, ಬದುಕಿದ ಸುದ್ದಿಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ. ಎರಡು ವರ್ಷ ಬಡಕೊಂಡರೂ ಒಬ್ಬರಿಗೂ ಗೊತ್ತಾಗದ ಹೆಸರು ಮೂರು ತಾಲೂಕಿಗೂ ಗೊತ್ತಾಯಿತು. ಚನ್ನಯ್ಯ ತನ್ನ ವಾರ್ಡಿನಲ್ಲಿ ಸ್ಪೀಡ್‌ವೇ ಕಾಲಿಡಲು ಬಿಡುವುದಿಲ್ಲ ಎಂದು ಭಾಷಣ ಮಾಡಿ, ಅದಕ್ಕೂ ಶಾಲು ಹೊದೆಸಿಕೊಂಡ. ಭಾನುವಾರ ಸಂದೇಶ ಬರಲಿಲ್ಲ. ಅವನ ಮನೆಯವರು ಅವನನ್ನು ಮೇಲಿನ ಕೋಣೆಯಲ್ಲಿ ಬೇರೆ ಇಟ್ಟಿದ್ದರು.

ಹುಚ್ಚನ ಜ್ವರ ಇಳಿಯಿತು. ಜ್ಯೋತಿ ಮೂರು ಸಲ ನೋಡಿ ಏನೂ ಇಲ್ಲ ಎಂದಳು. ಆದರೆ ಹುಚ್ಚ ಏಳಲಿಲ್ಲ. ಮೊದಲು ಗಂಜಿ ಬಿಟ್ಟ, ಆಮೇಲೆ ಕವಳ ಬಿಟ್ಟ, ಆಮೇಲೆ ಮಾತು.

"ಏಳಿ ಅಪ್ಪ, ನಿಮಗೆ ಎಂತ ಆಗಿಲ್ಲ" ಎಂದು ರಾಘು ಹೇಳಿದರೆ, "ಆಗಿದ್ದು ಅಲ್ಲೇ ಆಗಿಹೋತು" ಎನ್ನುತ್ತಿದ್ದ. "ಬೇರೆಯವ ಸುತ್ತು ಹಾಕಿದ್ರೆ ತಾಗ್ತಿರ್ಲಿಲ್ಲ. ಹಾಕಿದವ ನಮ್ಮಣ್ಣ. ಮನಸಾರೆ ಹಾಕಿದ. ತಾಗದೆ ಇರ್ತದಾ?"

ಪರಿಹಾರ ಹೇಳಿದವಳು ಸಿದ್ದವ್ವ. ಅವಳ ಪ್ರಕಾರ ಅದಕ್ಕೆ ಇರುವುದು ಒಂದೇ ದಾರಿ. ಎಡಸುತ್ತು ಹಾಕಿದವನೇ, ಒಳಗಿರುವವನಿಗೆ ಜೀವ ಇದೆ ಎಂದು ಗೊತ್ತಿದ್ದು, ಬಲಕ್ಕೆ ಮೂರು ಸುತ್ತು ಬಂದು ಬಿಚ್ಚಬೇಕು. ಬೇರೆ ಯಾರು ಬಂದರೂ ಆಗದು. ರಾಘು ಅದಕ್ಕೆ ಮೊದಲು ತನ್ನ ದಾರಿ ನೋಡಿದ. ಬಾಡಿದ ಹಾರದ ಬೈಕನ್ನೇ ಹತ್ತಿ ಮನೆಯನ್ನು ಬಲಕ್ಕೆ ಸುತ್ತಲು ಹೋದ. ಎರಡು ವರ್ಷ ಕನಸಲ್ಲೂ ಎಡಕ್ಕೇ ತಿರುಗಿದವನಿಗೆ ಬಲಕ್ಕೆ ತಿರುಗಲು ಬರಲಿಲ್ಲ. ಬ್ರೇಕಂತೂ ಇರಲಿಲ್ಲ. ಗೊಬ್ಬರದ ಗುಂಡಿಯಲ್ಲಿ ಗಾಡಿ ಇನ್ನೂ ಇದೆ.

ನಿನ್ನೆ ಸಂಜೆ ಫೋನು ಬಂತು.

"ರಾಘು, ನಾಡದು ಹನ್ನೊಂದನೇ ದಿನಾ ಅಲ್ಲ?" ಎಂದು ಕೆರಿಯ ಕೇಳಿದ. ದನಿ ಹಗುರವಾಗಿತ್ತು. "ಮುಂಜಾನೆ ಮೊದಲನೇ ಬಸ್ಸಿಗೇ ಬರ್ತೀನಿ, ತಡಾ ಮಾಡೂದಿಲ್ಲ. ಪಾಯಸ ಮಾಡಸು, ಅವಂಗ ಭಾಳ ಸೇರ್ತಿತ್ತು. ಒಂದ್ ಮಾತು ಹೇಳ್ತೀನಿ ಹುಡುಗಾ, ಅವತ್ತು ಬಂದು ಹೋದಾಗಿಂದ ನಂಗ ನಿದ್ದಿ ಬರಾಕತ್ತೈತಿ. ಎಂಟು ವರ್ಸದ ಮ್ಯಾಲ. ಬರ್ಲೇನ, ಹೇಳು."

ರಾಘು ಒಳಗೆ ನೋಡಿದ. ಮಂಚದ ಮೇಲೆ ಹುಚ್ಚ ಬಾಗಿಲ ಕಡೆ ಹೊರಳಿ, ಅಣ್ಣನ ದನಿ ಕೇಳಿಸುವಷ್ಟು ಕತ್ತು ಎತ್ತಿದ್ದ. ಕತ್ತಿನ ನರ ಎಣಿಸುವ ಹಾಗಿತ್ತು. ಒಂದು ಕೈ ಮೇಲೆತ್ತಿ 'ಹೇಳು' ಎನ್ನುವ ಹಾಗೆ ಆಡಿಸಿದ. ಮರುಕ್ಷಣ ಅದೇ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು 'ಬೇಡ' ಎಂದು ತಲೆಯಾಡಿಸಿದ.

ಹೇಳಿದರೆ ಅಲ್ಲೊಬ್ಬನ ನಿದ್ದೆ ಹೋಗುತ್ತದೆ, ಆ ಅಣ್ಣ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಹೇಳದಿದ್ದರೆ ನಾಡದು ಪಾಯಸಕ್ಕೆ ಇವನು ಉಳಿಯುತ್ತಾನೋ ಇಲ್ಲವೋ.

"ಹಲೋ" ಎಂದ ಕೆರಿಯ. "ಹುಡುಗಾ, ಅದಿಯಿಲ್ಲೋ?"

ಪೂರ್ತಿ ಕೇಳಿದ್ದೀರಲ್ಲ, ಈಗ ಹೇಳಿ. ಆ ಫೋನು ನಿಮ್ಮ ಕೈಯಲ್ಲಿದ್ದಿದ್ದರೆ ನೀವು ಏನು ಹೇಳುತ್ತಿದ್ದಿರಿ?